ಹೊಳೆಸಾಲ ಹೊಲದಲ್ಲಿ ನೀರು ಯಾಕೆ ನಿಲ್ಲುತ್ತದೆ? ಗುಂಡಿ ತೋಡಿ ಮಣ್ಣು ನೋಡುವ ಬಗೆ

ನನ್ನ ತವರು ನರಗುಂದದ ಕಡೆ, ಎರೆ ಭೂಮಿ. ಬೇಸಿಗೆಯಲ್ಲಿ ಕುರಿಮರಿಯ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುವ, ಮಳೆ ಬಂದರೆ ಕಾಲಿನ ಚಪ್ಪಲಿ ಕಿತ್ತಿಟ್ಟುಕೊಳ್ಳುವ ಮಣ್ಣು. ಮದುವೆಯಾಗಿ ಬಂದದ್ದು ಹಾವೇರಿ ತಾಲೂಕಿಗೆ, ವರದಾ ದಂಡೆಯ ಊರಿಗೆ. ಇಲ್ಲಿಯ ಮೂರೂವರೆ ಎಕರೆ ಹೊಲ ನೋಡಿದ ಮೊದಲ ದಿನ ಒಂದು ಹಿಡಿ ಮಣ್ಣು ಹಿಡಿದು, "ಎಷ್ಟು ಮೆತ್ತಗೈತ್ರಿ ಅತ್ತಿ, ಹಿಟ್ಟಿನಂಗ" ಅಂದಿದ್ದೆ. ಅವರು ನಕ್ಕು, "ಹೊಳಿ ಮಣ್ಣು ಸಕ್ರಿ ಇದ್ದಂಗವ್ವಾ. ಒಣಗಿದಾಗ ಚಂದ, ನೀರು ಕಂಡ್ರ ಕರಗಿ ಕುಂದ್ರತೈತಿ" ಅಂದರು. ಆ ಮಾತು ತಿಳಿಯಲಿಕ್ಕೆ ನನಗೆ ಮೂರು ಮುಂಗಾರು ಬೇಕಾಯಿತು, ಜೊತೆಗೆ ಒಂದು ಎಕರೆ ಬ್ಯಾಡಗಿ ಮೆಣಸಿನ ಸಸಿ.

ಆ ವರ್ಷ ಹೊಲದ ಹಿಂದಿನ ತಗ್ಗಿನ ಪಟ್ಟಿಯಲ್ಲಿ ಸಸಿ ಹಚ್ಚಿದ್ದೆವು. ಜುಲೈನಲ್ಲಿ ಎಂಟು ದಿನ ಜಿಟಿಜಿಟಿ ಹಿಡಿಯಿತು. ಹೊಳೆ ಬಂದಿರಲಿಲ್ಲ, ಬರೀ ಮಳೆ. ಕೆಳಗಿನ ಎಲೆ ಹಳದಿ ತಿರುಗಿದವು. ಗೊಬ್ಬರದ ಅಂಗಡಿಯಲ್ಲಿ ಹೇಳಿದೆ, ಯೂರಿಯಾ ಕೊಟ್ಟರು, ಹಾಕಿದೆವು. ಮತ್ತೆ ಹೋದೆ, ಒಂದು ಬಾಟಲಿ ಕೊಟ್ಟರು, ಹೊಡೆದೆವು. ಬಿಸಿಲು ಬಿದ್ದ ದಿನ ಗಿಡಗಳು ಕೆಸರಿನಲ್ಲಿ ನಿಂತೇ ಬಾಡಿದವು. ಕಿತ್ತು ನೋಡಿದರೆ ಬೇರು ಕಂದು ಬಣ್ಣ. ಎರಡು ಬೆರಳಲ್ಲಿ ಹಿಡಿದೆಳೆದರೆ ಸಿಪ್ಪೆ ಜಾರಿ ಒಳಗಿನ ನಾರಷ್ಟೇ ಉಳಿಯುತ್ತಿತ್ತು.

ಗಿಡ ಹಸಿದಿರಲಿಲ್ಲ, ಉಸಿರುಗಟ್ಟಿತ್ತು. ಮಣ್ಣಿನ ಸಂದಿಗಳಲ್ಲಿ ಗಾಳಿ ಇರಬೇಕಾದ ಜಾಗವನ್ನೆಲ್ಲ ನೀರು ತುಂಬಿಕೊಂಡರೆ ಬೇರಿಗೆ ನೀರು ಎಳೆಯುವ ಶಕ್ತಿಯೂ ಹೋಗುತ್ತದೆ, ಅದಕ್ಕೇ ನೀರಿನಲ್ಲಿದ್ದೂ ಬಾಡುತ್ತದೆ. ಹಾಕಿದ ಯೂರಿಯಾದ ಗತಿಯೂ ಹಾಗೇ. ಗಾಳಿ ಇಲ್ಲದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಯೂರಿಯಾದಿಂದ ಆದ ನೈಟ್ರೇಟನ್ನು ಒಡೆದು ಸಾರಜನಕವನ್ನು ಅನಿಲ ಮಾಡಿ ಹಾರಿಸಿಬಿಡುತ್ತವೆ. ನಾನು ದುಡ್ಡು ಕೊಟ್ಟು ಗಾಳಿಗೆ ಗೊಬ್ಬರ ಹಾಕಿದ್ದೆ.

ವರದಾ, ತುಂಗಭದ್ರಾ, ಮಲಪ್ರಭಾ, ಬೆಣ್ಣೆಹಳ್ಳ, ಯಾವ ಸಾಲಿನಲ್ಲೇ ನಿಮ್ಮ ಹೊಲ ಇರಲಿ, ಅಂಗಡಿಗೆ ಹೋಗುವ ಮೊದಲು ಒಂದು ಗುಂಡಿ ತೋಡಿ. ಸಲಿಕೆ, ಹಾರಿ, ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿ, ಮಕ್ಕಳ ಸ್ಕೇಲು ಇದ್ದರೆ ಸಾಕು.

ಮೊದಲು ಹೊಲ ಎಲ್ಲಿ ಕೂತಿದೆ ನೋಡಿ

ಹೊಳೆಗೆ ಹತ್ತಿರದ ಜಾಗವೇ ತಗ್ಗು, ದೂರ ಹೋದಂತೆ ಎತ್ತರ ಎಂದು ಎಲ್ಲರೂ ತಿಳಿಯುತ್ತಾರೆ. ಬಯಲು ಹೊಳೆಯ ದಂಡೆಯಲ್ಲಿ ಬಹಳ ಸಲ ಇದು ಉಲ್ಟಾ. ವರದೆ ಸಾಗರ ತಾಲೂಕಿನ ಇಕ್ಕೇರಿ ಹತ್ತಿರದ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಗಳಗನಾಥದ ಹತ್ತಿರ ತುಂಗಭದ್ರೆ ಸೇರುತ್ತದೆ. ಮಲೆನಾಡಿನ ಕೆಂಪು ಮಣ್ಣು ಹೊತ್ತುಕೊಂಡು ಜುಲೈ ಹೊತ್ತಿಗೆ ಚಹಾದ ಬಣ್ಣಕ್ಕೆ ಬರುತ್ತದೆ. ನೆರೆ ದಂಡೆ ಮೀರಿ ಹೊರಗೆ ಬಂದ ಕೂಡಲೇ ಅದರ ಓಟ ತಗ್ಗುತ್ತದೆ. ಭಾರದ ಉಸುಕು ಮೊದಲು ದಂಡೆಯ ಮೇಲೇ ಬೀಳುತ್ತದೆ. ಉಸುಕಿಗಿಂತ ಸಣ್ಣ, ಹಿಟ್ಟಿನಂಥ ರೇವೆ ಇನ್ನಷ್ಟು ಒಳಗೆ ಹೋಗುತ್ತದೆ. ಅತಿ ಸಣ್ಣ ಜಿಗುಟು ಮಣ್ಣು, ನೀರು ನಿಂತ ಮೇಲೆ ಹಿಂದಿನ ತಗ್ಗಿನಲ್ಲಿ ಕೂರುತ್ತದೆ. ಹೀಗೆ ನೂರಾರು ನೆರೆ ಕಳೆದರೆ ದಂಡೆಯೇ ಒಂದು ಒಡ್ಡಾಗಿ, ಹಿಂದಿನ ಪಟ್ಟಿ ತಾಟಿನ ಹಾಗೆ ತಗ್ಗಾಗುತ್ತದೆ. ಅಲ್ಲಿ ಬಿದ್ದ ನೀರಿಗೆ ಹೊಳೆಗೆ ಹೋಗಲು ದಾರಿಯೇ ಇರುವುದಿಲ್ಲ.

ನಮ್ಮ ಹೊಲ ಸರಿಯಾಗಿ ಹೀಗೇ ಇದೆ. ಹೊಳೆಕಡೆಯ ಅರ್ಧ ಎಕರೆಯಲ್ಲಿ ನಮ್ಮ ಅತ್ತೆಯವರು ಬದನಿ, ಸೌತಿ ಬೆಳೆಯುತ್ತಿದ್ದರು, ಎಂದೂ ಕೊಳೆತದ್ದಿಲ್ಲ. ಹಿಂದಿನ ಒಂದೂಕಾಲು ಎಕರೆಯೇ ನನ್ನ ಮೆಣಸಿನಕಾಯಿ ನುಂಗಿದ್ದು. ಮಳೆ ನಿಂತ ಮೂರನೆಯ ದಿನ ಬದುವಿನ ಮೇಲೆ ಒಂದು ಸುತ್ತು ಹಾಕಿ, ಎಲ್ಲಿ ಇನ್ನೂ ನೀರು ಹೊಳೆಯುತ್ತಿದೆ, ಎಲ್ಲಿ ಜೇಕು ದಟ್ಟವಾಗಿದೆ, ಎಲ್ಲಿ ಎತ್ತಿನ ಹೆಜ್ಜೆಯ ಗುಣಿಯಲ್ಲಿ ನೀರು ನಿಂತಿದೆ, ನೋಡಿಕೊಳ್ಳಿ. ಗುಂಡಿ ಎಲ್ಲಿ ತೋಡಬೇಕೆಂಬುದು ಅಲ್ಲಿಗೇ ತಿಳಿಯುತ್ತದೆ.

ರೊಟ್ಟಿಯ ಹಿಟ್ಟೋ, ಹೋಳಿಗೆಯ ಕಣಕವೋ

ಇದು ರೇವೆ ಮಣ್ಣು ಹೌದೋ ಅಲ್ಲವೋ ಎಂದು ಕೈಯಲ್ಲೇ ತಿಳಿಯಬಹುದು. ರೇವೆಯ ಕಣ ಸಾಮಾನ್ಯವಾಗಿ 0.002 ರಿಂದ 0.05 ಮಿಲಿಮೀಟರ್. ಅದಕ್ಕಿಂತ ದಪ್ಪದ್ದು ಉಸುಕು, ಸಣ್ಣದ್ದು ಜಿಗುಟು ಮಣ್ಣು. ಲಿಂಬೆಹಣ್ಣಿನಷ್ಟು ಮಣ್ಣು ತಗೊಂಡು, ಕಲ್ಲು ಕಸ ತೆಗೆದು, ಸ್ವಲ್ಪಸ್ವಲ್ಪ ನೀರು ಹಾಕಿ ನಾದಿ. ಆಮೇಲೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಪಟ್ಟಿಯಂತೆ ಮುಂದೆ ತಳ್ಳುತ್ತ ಹೋಗಿ.

ನನ್ನ ತವರಿನ ಎರೆ ಹೋಳಿಗೆಯ ಕಣಕದಂತೆ. ಎಳೆದಷ್ಟೂ ಬರುತ್ತದೆ, ಐದು ಸೆಂಟಿಮೀಟರ್ ದಾಟಿದರೂ ಹರಿಯುವುದಿಲ್ಲ, ಬೆರಳಿಗೆ ಅಂಟುತ್ತದೆ. ಹೊಳೆಯ ರೇವೆ ಜೋಳದ ಹಿಟ್ಟು. ನುಣ್ಣಗೆ, ಸಾಬೂನಿನ ಹಾಗೆ ಜಾರುತ್ತದೆ, ಮುದ್ದೆ ಕಟ್ಟುತ್ತದೆ, ಆದರೆ ಪಟ್ಟಿ ಎಳೆದರೆ ಎರಡೂವರೆ ಸೆಂಟಿಮೀಟರ್ ಆಗುವುದರೊಳಗೆ ಅಂಚು ಬಿರಿದು ಮುರಿಯುತ್ತದೆ. ಉಸುಕಾದರೆ ಮುದ್ದೆಯೇ ಕಟ್ಟದು, ಕಿವಿಯ ಹತ್ತಿರ ತಿಕ್ಕಿದರೆ ಕರಕರ ಅನ್ನುತ್ತದೆ. ಹಿಂದಿನವರು ಚೂರು ಮಣ್ಣನ್ನು ಮುಂದಿನ ಹಲ್ಲಿನಲ್ಲಿ ತಿಕ್ಕಿ ನೋಡುತ್ತಿದ್ದರು. ಈಗಿನ ಹೊಲಕ್ಕೆ ಹೊಡೆದ ಔಷಧ ನೆನೆಸಿಕೊಂಡರೆ ಅದು ಬೇಡ.

ಅನುಮಾನ ಉಳಿದರೆ ಬಾಟಲಿಗೆ ಮೂರನೇ ಒಂದು ಭಾಗ ಪುಡಿ ಮಣ್ಣು, ಉಳಿದದ್ದು ನೀರು, ಚಿಟಿಕೆ ಬಟ್ಟೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಅಲ್ಲಾಡಿಸಿ ಇಡಿ. ಒಂದು ನಿಮಿಷಕ್ಕೆ ತಳ ಸೇರಿದ್ದು ಉಸುಕು, ಗೆರೆ ಹಾಕಿ. ಎರಡು ತಾಸಿಗೆ ಅದರ ಮೇಲೆ ಕೂತದ್ದು ಬಹುಪಾಲು ರೇವೆ. ಮರುದಿನ, ಮೂರನೆಯ ದಿನ ಕೂರುವುದು ಜಿಗುಟು ಮಣ್ಣು. ನಮ್ಮ ತಗ್ಗಿನ ಪಟ್ಟಿಯ ಬಾಟಲಿಯಲ್ಲಿ ಉಸುಕು ಉಗುರಿನಷ್ಟು, ರೇವೆ ಮೂರು ಬೆರಳು, ಜಿಗುಟು ಒಂದು ಬೆರಳು. ತವರಿನಿಂದ ತರಿಸಿದ ಎರೆಯ ಬಾಟಲಿ ಮೂರನೆಯ ದಿನವೂ ಬಗ್ಗಡವಾಗೇ ಇತ್ತು.

ಗುಂಡಿ

ಇದೇ ಮುಖ್ಯ ಕೆಲಸ, ಇದಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಎರಡಡಿ ಅಗಲ, ಮೂರಡಿ ಆಳ. ಮಳೆಗಾಲದಲ್ಲಿ ತೋಡಿದರೆ ನೀರಿನ ಮಟ್ಟ ಕಾಣುತ್ತದೆ, ಬೇಸಿಗೆಯಲ್ಲಿ ತೋಡಿದರೆ ಬಣ್ಣ ಚೆನ್ನಾಗಿ ಕಾಣುತ್ತದೆ. ನೀರು ಬತ್ತಿದ ಮೇಲೂ ಅದರ ಗುರುತು ಮಣ್ಣಿನಲ್ಲಿ ಉಳಿದಿರುತ್ತದೆ, ಹಾಗಾಗಿ ಮಾರ್ಚ್‌ನಲ್ಲಿ ತೋಡಿದರೂ ಆಗಸ್ಟಿನ ಕಥೆ ಓದಬಹುದು. ಒಂದೊಂದು ಸಲಿಕೆ ಮಣ್ಣನ್ನೂ ಗೊಬ್ಬರದ ಖಾಲಿ ಚೀಲದ ಮೇಲೆ ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ಇಡಿ, ಕಲಸಬೇಡಿ. ಹೆಂಟೆಯನ್ನು ಕೈಯಲ್ಲಿ ಮುರಿದು ಒಳಗಿನ ಹೊಸ ಮುಖ ನೋಡಿ. ಸಲಿಕೆ ಸವರಿದ ಮುಖ ನುಣುಪಾಗಿ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ನಾವು ಮೂರು ತೋಡಿದೆವು. ದಂಡೆಯ ಹತ್ತಿರದ್ದರಲ್ಲಿ ಮೂರಡಿಯವರೆಗೂ ಒಂದೇ ಕಂದು ಬಣ್ಣ, ಕಲೆಯಿಲ್ಲ. ನಡುವಿನದರಲ್ಲಿ ಒಂದೂವರೆ ಅಡಿಯ ಕೆಳಗೆ ತುಕ್ಕಿನ ಬಣ್ಣದ ಎಳೆಗಳು. ತಗ್ಗಿನ ಪಟ್ಟಿಯಲ್ಲಿ ಎಂಟೇ ಇಂಚು ಕಂದು, ಅದರ ಕೆಳಗೆ ಒಲೆಯ ಬೂದಿಯ ಬಣ್ಣ. ಆ ಬೂದಿಯಲ್ಲಿ ಹಳೆ ಬೇರು ಹೋದ ತೂತುಗಳ ಸುತ್ತ ಇಟ್ಟಂಗಿ ಬಣ್ಣದ ಗೆರೆ, ಅಲ್ಲಲ್ಲಿ ಸಾಸಿವೆ ಕಾಳಿನಷ್ಟು ಕರಿ ಗುಂಡು. ಎರಡೂವರೆ ಅಡಿಗೆ ನೀರು ಜಿನುಗತೊಡಗಿತು. ಮರುದಿನ ಮುಂಜಾನೆ ಹೋಗಿ ಸ್ಕೇಲು ಇಟ್ಟರೆ ನೆಲದಿಂದ ಇಪ್ಪತ್ತು ಇಂಚು ಕೆಳಗೇ ನೀರು ನಿಂತಿತ್ತು.

ಬಣ್ಣ ಹೇಳುವುದು ಇಷ್ಟು. ಮಣ್ಣಿಗೆ ಕಂದು, ಕೆಂಪು ಕೊಡುವುದು ಅದರ ಕಬ್ಬಿಣ, ಅದು ಗಾಳಿ ಇದ್ದಲ್ಲಿ ತುಕ್ಕು ಹಿಡಿದಿರುತ್ತದೆ. ತಿಂಗಳುಗಟ್ಟಲೆ ನೀರು ನಿಂತು ಗಾಳಿ ಹೋದರೆ ಸೂಕ್ಷ್ಮಜೀವಿಗಳು ಆ ತುಕ್ಕನ್ನೇ ಉಸಿರಾಟಕ್ಕೆ ಬಳಸುತ್ತವೆ, ಕಬ್ಬಿಣ ಕರಗಿ ನೀರಿನ ಜೊತೆ ಹೋಗುತ್ತದೆ, ಮಣ್ಣು ಬೂದಿ ಬಣ್ಣಕ್ಕೆ ಇಳಿಯುತ್ತದೆ. ಬೇರಿನ ತೂತಿನಲ್ಲಿ ಮಾತ್ರ ಚೂರು ಗಾಳಿ ಇಳಿಯುವುದರಿಂದ ಕರಗಿದ ಕಬ್ಬಿಣ ಅಲ್ಲಿಗೆ ಬಂದು ಮತ್ತೆ ತುಕ್ಕಾಗುತ್ತದೆ. ಕರಿ ಗುಂಡುಗಳಲ್ಲಿ ಹೆಚ್ಚಿಗೆ ಇರುವುದು ಮ್ಯಾಂಗನೀಸ್. ಅಂದರೆ ನೀರು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಬೂದಿ ಬಣ್ಣ ನೆಲದಿಂದ ಎಷ್ಟು ಹತ್ತಿರ ಶುರುವಾಗುತ್ತದೋ ಬೇರಿಗೆ ಅಷ್ಟೇ ಜಾಗ. ನನ್ನ ಮೆಣಸಿನ ಗಿಡಕ್ಕೆ ಸಿಕ್ಕಿದ್ದು ಎಂಟು ಇಂಚಿನ ಮನೆ.

ಇಲ್ಲಿ ಎರಡು ಕಡೆ ಮೋಸ ಹೋಗಬಹುದು. ಊರ ಹತ್ತಿರದ ಹೊಲದಲ್ಲಿ ಹಳೆ ಹಂಚು, ಇಟ್ಟಂಗಿ ಚೂರೂ ಕೆಂಪಗೆ ಕಾಣುತ್ತವೆ. ಬೆರಳಲ್ಲಿ ಒತ್ತಿ ನೋಡಿ, ತುಕ್ಕಿನ ಕಲೆ ಮಣ್ಣಿನ ಜೊತೆ ಮೆತ್ತಗೆ ಹರಡುತ್ತದೆ, ಹಂಚು ಹರಡದು. ಇನ್ನೊಂದು ಎರೆ ಭೂಮಿ. ಅದು ಮೊದಲೇ ಕಪ್ಪು, ಕಲೆಗಳು ಅದರಲ್ಲಿ ಅಡಗಿಬಿಡುತ್ತವೆ. ಮಲಪ್ರಭಾ ಸಾಲಿನವರು ಬಣ್ಣಕ್ಕಿಂತ ನೀರಿನ ಮಟ್ಟವನ್ನು ನೆಚ್ಚುವುದು ಒಳ್ಳೆಯದು.

ಗುಂಡಿಯಲ್ಲಿರುವಾಗಲೇ ಇನ್ನೂ ಮೂರು ಸಂಗತಿ ನೋಡಿ. ಮೂಗು ಹತ್ತಿರ ಒಯ್ಯಿರಿ. ಕೊಳೆತ ತತ್ತಿಯ ವಾಸನೆ ಬಂದರೆ ಗಾಳಿ ಹೋಗಿ ಬಹಳ ದಿನವಾಗಿದೆ. ಗುಂಡಿಯ ಗೋಡೆಗೆ ಕುಡುಗೋಲಿನ ತುದಿಯಿಂದ ಮೇಲಿನಿಂದ ಕೆಳಕ್ಕೆ ಚುಚ್ಚುತ್ತ ಬನ್ನಿ. ಐದಾರು ಇಂಚಿನಲ್ಲಿ ಒಮ್ಮೆಲೇ ಗಟ್ಟಿ ತಗುಲಿ, ಕೆಳಗೆ ಮತ್ತೆ ಮೆತ್ತಗಾದರೆ ಅದು ಟ್ರ್ಯಾಕ್ಟರ್ ಮಾಡಿದ ಪದರ. ಬೇರುಗಳು ಅಲ್ಲಿ ಕೊಕ್ಕೆಯಂತೆ ಅಡ್ಡ ಹೊರಳಿರುತ್ತವೆ. ಮೂರನೆಯದು ಪದರಗಳ ಗಡಿ. ನಮ್ಮ ನಡುವಿನ ಗುಂಡಿಯಲ್ಲಿ ರೇವೆಯ ನಡುವೆ ಎರಡು ಬೆರಳು ದಪ್ಪದ ಉಸುಕಿನ ಪಟ್ಟಿ ಇತ್ತು, ಯಾವುದೋ ದೊಡ್ಡ ನೆರೆ ಬಿಟ್ಟುಹೋದದ್ದು. ಉಸುಕು ಇದೆ, ನೀರು ಬೇಗ ಇಳಿಯುತ್ತದೆ ಎಂದುಕೊಂಡೆ. ಹಾಗಾಗುವುದಿಲ್ಲ. ರೇವೆಯ ಸಣ್ಣ ಸಂದಿ ನೀರನ್ನು ಬಿಗಿಯಾಗಿ ಹಿಡಿದಿರುತ್ತದೆ, ದಪ್ಪ ಉಸುಕಿಗೆ ಅದನ್ನು ಎಳೆಯುವ ಬಲವಿಲ್ಲ. ಮೇಲಿನ ರೇವೆ ಪೂರ್ತಿ ತೊಯ್ದು ತುಂಬುವ ತನಕ ನೀರು ಆ ಗಡಿಯಲ್ಲಿ ತೂಗಾಡುತ್ತ ನಿಲ್ಲುತ್ತದೆ.

ನೀರಿನ ಮೇಲಿನ ಎಣ್ಣೆ ಪೊರೆ, ಒಂದು ಜಗಳ

ತಗ್ಗಿನ ಪಟ್ಟಿಯ ಕಾಲುವೆಯಲ್ಲಿ ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡು, ಮೇಲಿನ ಹೊಲದವರ ಪಂಪಿನ ಡೀಸೆಲ್ ಅಂತ ನಮ್ಮ ಮನಿಯವರು ಜಗಳಕ್ಕೇ ಹೋದರು. ಎರಡು ತಿಂಗಳು ಮಾತಿರಲಿಲ್ಲ. ಪೊರೆಗೆ ಒಂದು ಕಡ್ಡಿ ಚುಚ್ಚಿ ನೋಡಿದ್ದರೆ ಮುಗಿಯುತ್ತಿತ್ತು. ಡೀಸೆಲ್ ಆದರೆ ಕಡ್ಡಿ ತೆಗೆದ ಕೂಡಲೇ ಮತ್ತೆ ಕೂಡಿಕೊಳ್ಳುತ್ತದೆ. ಕಬ್ಬಿಣ ತಿನ್ನುವ ಸೂಕ್ಷ್ಮಜೀವಿಗಳ ಪೊರೆಯಾದರೆ ಒಡೆದ ಗಾಜಿನ ಚೂರಿನಂತೆ ಸೀಳಿ ಬೇರೆಬೇರೆಯಾಗೇ ತೇಲುತ್ತದೆ. ನಮ್ಮದು ಗಾಜಿನ ಚೂರು. ಹೋಗಿ ತಪ್ಪಾಯಿತು ಅಂದು ಬಂದರು.

ನೀರು ಇಳಿಯುವ ವೇಗ

ಒಂದಡಿ ಆಳದ ಸಣ್ಣ ಕುಣಿ ತೋಡಿ, ಒಂದು ಸಲ ನೀರು ತುಂಬಿ ಪೂರ್ತಿ ಇಂಗಲು ಬಿಡಿ, ಬೇಕಾದರೆ ರಾತ್ರಿಯೆಲ್ಲ. ಮತ್ತೆ ತುಂಬಿ, ಸ್ಕೇಲು ನಿಲ್ಲಿಸಿ, ತಾಸಿಗೆ ಎಷ್ಟು ಇಳಿಯಿತು ಬರೆದುಕೊಳ್ಳಿ. ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆಯಾದರೆ ಬಸಿಯುವುದು ಕಡಿಮೆ ಎಂದೇ ಲೆಕ್ಕ. ದಂಡೆಯ ಕುಣಿ ನಾನು ಚಹಾ ಕುಡಿಯುವುದರೊಳಗೆ ಖಾಲಿ. ತಗ್ಗಿನ ಪಟ್ಟಿಯಲ್ಲಿ ತಾಸಿಗೆ ಅರ್ಧ ಸೆಂಟಿಮೀಟರ್. ತಳದಿಂದ ನೀರು ಒಳಗೇ ಬರುತ್ತಿದ್ದರೆ ಅಳೆಯುವ ಕಷ್ಟ ಬೇಡ, ಉತ್ತರ ಸಿಕ್ಕಂತೆಯೇ.

ಮೇಲ್ಮೈಯ ಗುಣ ಎರಡು ಮಾತಿನಲ್ಲಿ ಹೇಳುತ್ತೇನೆ. ಜೋರು ಮಳೆಯ ಹನಿ ಬಿದ್ದರೆ ರೇವೆ ಹೆಂಟೆ ಕರಗಿ, ಬಿಸಿಲು ಬಿದ್ದ ಕೂಡಲೇ ಹಪ್ಪಳದಂಥ ತೊಗಟೆ ಕಟ್ಟುತ್ತದೆ. ಅದರ ಕೆಳಗೆ ಗೋವಿನಜೋಳದ ಮೊಳಕೆ ಸುರುಳಿ ಸುತ್ತಿ ಸಾಯುತ್ತದೆ. ಬಿತ್ತಿದ ಮೇಲೆ ಹೀಗಾದರೆ ಮುಳ್ಳಿನ ಕಂಟಿ ಎಳೆದಾದರೂ ತೊಗಟೆ ಒಡೆಯಬೇಕು. ಬೇಸಿಗೆಯಲ್ಲಿ ಬಿಳಿ ಪುಡಿ ಏಳುತ್ತಿದ್ದರೆ ಅದು ಸವಳು. ರೇವೆ ದೀಪದ ಬತ್ತಿಯ ಹಾಗೆ ಕೆಳಗಿನ ನೀರನ್ನು ಮೇಲಕ್ಕೆಳೆಯುತ್ತದೆ, ನೀರು ಆರಿ ಉಪ್ಪು ಉಳಿಯುತ್ತದೆ. ಬಿಳಿ ಕಂಡ ಕೂಡಲೇ ಜಿಪ್ಸಮ್ ತರಬೇಡಿ, ನಾನು ತಂದು ಕೆಟ್ಟಿದ್ದೇನೆ. ಜಿಪ್ಸಮ್ ಕೆಲಸ ಮಾಡುವುದು ಸೋಡಿಯಂ ಹೆಚ್ಚಾದ ಕ್ಷಾರ ಮಣ್ಣಿಗೆ, ರಸಸಾರ (pH) 8.5 ದಾಟಿದಂಥದ್ದಕ್ಕೆ, ಅಲ್ಲಿಯೂ ನೀರು ಹೊರಹೋಗುವ ದಾರಿ ಇದ್ದರೆ ಮಾತ್ರ. ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲೋ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೋ ಮಣ್ಣು ಪರೀಕ್ಷೆ ಬಗ್ಗೆ ಕೇಳಿ ಆಮೇಲೆ ನೋಡಿ. ಮೇಲಿನ ಮಣ್ಣು, ಎರಡಡಿ ಕೆಳಗಿನ ಮಣ್ಣು ಬೇರೆಬೇರೆ ಚೀಲದಲ್ಲಿ ಒಯ್ಯಿರಿ.

ಮುಂದೆ ನಾವು ಮಾಡಿದ್ದು

ಮೊದಲು ನೀರು ಎಲ್ಲಿಗೆ ಹೋಗಬಲ್ಲದು ಹುಡುಕಿದೆವು. ಮನೆ ಕಟ್ಟುವ ಗೌಂಡಿಯ ಹತ್ತಿರ ನೀರಿನ ಪಾರದರ್ಶಕ ಪೈಪು ಇರುತ್ತದಲ್ಲ, ಅದನ್ನು ಒಂದು ದಿನ ಎರವಲು ತಂದು ಗೂಟ ನೆಡುತ್ತ ಹೋದೆವು. ತಗ್ಗಿನ ಪಟ್ಟಿಯಿಂದ ಬಂಡಿದಾರಿಯ ಮೋರಿಯವರೆಗೆ ಮುನ್ನೂರು ಅಡಿಗೆ ಎಂಟು ಇಂಚು ಇಳಿಜಾರು ಇತ್ತು. ಸಾಕಷ್ಟಾಯಿತು. ಮೋರಿಯೇ ಮುಕ್ಕಾಲು ಹೂಳಿನಿಂದ ಮುಚ್ಚಿತ್ತು, ಯಾರಿಗೂ ನೆನಪಿರಲಿಲ್ಲ.

ಮೊದಲ ವರ್ಷ ಬಸಿಗಾಲುವೆಯ ಗೋಡೆ ನೆಟ್ಟಗೆ ಕಡಿಸಿದೆ, ಎರೆಯ ಅಭ್ಯಾಸ. ಒಂದೇ ಮಳೆಗೆ ಎರಡೂ ಕಡೆ ಕುಸಿದು ಕಾಲುವೆ ಸಪಾಟಾಯಿತು. ತೊಯ್ದ ರೇವೆಗೆ ನಿಲ್ಲುವ ಕಸುವಿಲ್ಲ. ಒಂದಡಿ ಆಳಕ್ಕೆ ಪ್ರತಿ ಬದಿಗೆ ಒಂದೂವರೆಯಿಂದ ಎರಡಡಿ ಓರೆ ಕೊಡಿ, ಓರೆಯ ಮೇಲೆ ಕರಿಕೆ ಬೆಳೆಯಲು ಬಿಡಿ. ನೆಲದೊಳಗೆ ತೂತಿನ ಪೈಪು ಹಾಕಿಸುವವರೂ ಇದ್ದಾರೆ. ರೇವೆಯಲ್ಲಿ ಸರಿಯಾದ ಸೋಸುವ ಹೊದಿಕೆ ಇಲ್ಲದೆ ಹಾಕಿದರೆ ಪೈಪಿನೊಳಗೇ ಹೂಳು ತುಂಬುತ್ತದೆ.

ಹೊಳೆ ತುಂಬಿದಾಗ ಬಸಿಗಾಲುವೆ ಕೆಲಸ ಮಾಡದು, ನೀರು ಅದರಲ್ಲೇ ಹಿಂದಕ್ಕೆ ಬರುತ್ತದೆ. 2019ರ ಆಗಸ್ಟ್‌ನಂಥ ನೆರೆಗೆ ಯಾವ ಕಾಲುವೆಯೂ ಉತ್ತರವಲ್ಲ. ಹೊಳೆ ಇಳಿದ ಮೇಲೆ ಹೊಲದ ನೀರು ಎಂಟು ದಿನದ ಬದಲು ಎರಡು ದಿನಕ್ಕೆ ಹೋಗುತ್ತದೆ, ಆಗುವ ಲಾಭ ಅಷ್ಟೇ. ಎಳೆ ಗೋವಿನಜೋಳಕ್ಕೆ ಬದುಕು ಸಾವಿನ ನಡುವಿನ ಅಂತರವೂ ಅಷ್ಟೇ.

ಹದ ನೋಡದೆ ಹೊಲಕ್ಕೆ ಇಳಿಯುವುದನ್ನು ಬಿಟ್ಟೆವು. ಆರಿಂಚು ಕೆಳಗಿನ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆಯಿರಿ. ಮೂರು ಮಿಲಿಮೀಟರ್ ದಪ್ಪದ ಬತ್ತಿಯಾದರೆ ಇನ್ನೂ ಹಸಿ ಹೆಚ್ಚು, ಟ್ರ್ಯಾಕ್ಟರ್ ಮನೆಯಲ್ಲೇ ಇರಲಿ. ಬತ್ತಿಯಾಗುವ ಮೊದಲೇ ಉದುರಿದರೆ ಕುಂಟೆ ಹೊಡೆಯಬಹುದು. ಮೇಲೆ ಒಣಗಿ ಕಂಡರೂ ಒಳಗೆ ಹಸಿ ಇರುವುದೇ ಈ ಮಣ್ಣಿನ ಕಪಟ.

ತಗ್ಗಿನ ಪಟ್ಟಿಗೆ ಈಗ ಮುಂಗಾರಿಯಲ್ಲಿ ಭತ್ತ. ಕೆಲವು ವರ್ಷ ಹಸಿರೆಲೆ ಗೊಬ್ಬರಕ್ಕೆಂದು ಡಯಾಂಚಾ ಗಿಡ ಬಿತ್ತಿ ಹೂ ಬರುವ ಮೊದಲು ಮಣ್ಣಿಗೆ ಸೇರಿಸುತ್ತೇವೆ. ಹಸಿರೆಲೆಗೆ ಸೆಣಬೂ ಒಳ್ಳೆಯದೇ, ಆದರೆ ಅದು ನಿಂತ ನೀರು ತಾಳದು, ಡಯಾಂಚಾ ತಾಳುತ್ತದೆ. ಹಿಂಗಾರಿಗೆ ಕಡಲೆ. ಆಗ ಈ ಮಣ್ಣಿನ ಒಳ್ಳೆಯತನ ತಿಳಿಯುತ್ತದೆ. ಗಿಡಕ್ಕೆ ಸಿಗುವಂಥ ತೇವವನ್ನು ರೇವೆಯಷ್ಟು ಹಿಡಿದಿಡುವ ಮಣ್ಣು ಕಡಿಮೆ, ಅಕ್ಟೋಬರ್ ನಂತರ ಒಂದು ಹನಿ ಬೀಳದಿದ್ದರೂ ಕಡಲೆ ಕಾಯಿ ಕಟ್ಟುತ್ತದೆ. ಮೆಣಸಿನಕಾಯಿ ನಡುವಿನ ಪಟ್ಟಿಗೆ ಬಂದಿದೆ, ಒಂದಡಿ ಎತ್ತರದ ಏರುಮಡಿಯ ಮೇಲೆ. ಯೂರಿಯಾ ಒಮ್ಮೆಲೇ ಹಾಕುವುದಿಲ್ಲ, ಮಳೆ ಬಿಟ್ಟು ನೀರು ಬಸಿದ ಮೇಲೆ ಮೂರು ಕಂತಿನಲ್ಲಿ.

ಕಳೆದ ವರ್ಷ ಇಟ್ಟಂಗಿ ಭಟ್ಟಿಯವರು ಬಂದು ತಗ್ಗಿನ ಪಟ್ಟಿಯ ಮೇಲಿನ ಒಂದಡಿ ಮಣ್ಣಿಗೆ ಒಳ್ಳೆಯ ರೇಟು ಹೇಳಿದರು. "ಹೆಂಗೂ ಬೆಳಿ ಬರಂಗಿಲ್ಲಲ್ರಿ ಅಕ್ಕಾರ" ಅಂದರು. ಗುಂಡಿ ನೋಡಿರದಿದ್ದರೆ ಕೊಟ್ಟೇಬಿಡುತ್ತಿದ್ದೆ. ಎಂಟಿಂಚಿನ ಮೇಲೆ ನಿಂತ ಹೊಲದಿಂದ ಹನ್ನೆರಡು ಇಂಚು ತೆಗೆದರೆ ಉಳಿಯುವುದು ಕೆರೆ.

ಗುಂಡಿ ಮುಚ್ಚುವಾಗ ಕೆಳಗಿನ ಮಣ್ಣು ಕೆಳಗೆ, ಮೇಲಿನದು ಮೇಲೆ, ತೆಗೆದ ಸಾಲಿನಲ್ಲೇ ಹಾಕಿ. ಮರುದಿನಕ್ಕೆ ತೆರೆದಿಡುವುದಾದರೆ ಸುತ್ತ ಜಾಲಿ ಮುಳ್ಳು ಇಡಿ, ನಮ್ಮ ಕರು ಒಮ್ಮೆ ಬಿದ್ದಿತ್ತು. ಮೋರಿಯ ಹೂಳನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ತೆಗೆಯುತ್ತೇವೆ, ರೋಹಿಣಿ ಮಳೆ ಶುರುವಾಗುವುದರೊಳಗೆ. ಪಂಪಿನ ಹೊಲದವರೂ ಒಂದು ಸಲಿಕೆ ಹಿಡಿದು ಬರುತ್ತಾರೆ.